ಮಿಲ್ಲಿನ ಬೇರಿಂಗು, ಮಾವನ ಕಿವಿ

ನಂಬಬೇಡಿ. ನಾನೇ ಹೇಳ್ತಾ ಇದೀನಿ, ನಂಬಬೇಡಿ. ಬಿನ್ನಿಪೇಟೆ ಕಡೆ ನೂಲು ತೆಗೀತಿದ್ದ ಹಳೇ ಮಿಷಿನ್ನಿನ ಬೇರಿಂಗನ್ನ ತಂದು, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಿನ ಗೇರ್‌ಬಾಕ್ಸಲ್ಲಿ ಕೂರಿಸಿ, ಆ ಕಾರು ರಾಜಾಜಿನಗರದಿಂದ ಕೆಂಗೇರಿವರೆಗೂ ಓಡೋ ಹಂಗೆ ಮಾಡಿದೋರು ನಾವು. ಈಗಿನ ಹುಡುಗರಿಗೆ ಹೇಳಿದ್ರೆ "ತಾತ, ಸಾಕು ಬಿಡಿ" ಅಂತಾರೆ. ನೀವೂ ಅನ್ನಿ, ಬೇಜಾರಿಲ್ಲ. ಎಪ್ಪತ್ತರ ದಶಕದಲ್ಲಿ ನನ್ನನ್ನ ಸುಳ್ಳುಬುರುಕ ಅಂತ ಕರೀದೇ ಇದ್ದಿದ್ದು ನಮ್ಮ ಬೀದಿ ಹಸು ಒಂದೇ. ಈ ಕಥೇಲಿ ಸುಳ್ಳು ಒಂದೇ ಒಂದಿದೆ. ತಾಕತ್ತಿದ್ರೆ ಹಿಡೀರಿ ನೋಡೋಣ.

ಶೆಡ್ಡು ನನ್ನ ಸೋದರಮಾವಂದು. ರಾಜಾಜಿನಗರದ ಕಾರ್ಖಾನೆಗಳ ಸಾಲಿನ ಹಿಂದೆ, ಶೀಟಿನ ಮಾಡು, ಬೋರ್ಡು ಗೀರ್ಡು ಏನೂ ಇಲ್ಲ. ಮಾವ ವಯಸ್ಸಲ್ಲಿ ಮಿಲ್ಲಲ್ಲಿ ಮಗ್ಗಗಳ ರಿಪೇರಿ ಮಾಡ್ತಿದ್ದೋರು. ಅದನ್ನ ಬಿಟ್ಟು ಬಂದ ಮೇಲೆ ಗೇರ್‌ಬಾಕ್ಸು ಮತ್ತೆ ಹಿಂದಿನ ಆಕ್ಸಲ್ಲು, ಇವೆರಡೇ ಕೆಲಸ. ಜನ ಅವರನ್ನ ಹುಡುಕ್ಕೊಂಡು ಬರ್ತಿದ್ದಿದ್ದು ಅವರ ಕಿವಿಗೆ. ಬೇರಿಂಗನ್ನ ಸೀಮೆಎಣ್ಣೇಲಿ ತೊಳೆದು, ಒಣಗಿಸಿ, ಬೆರಳಲ್ಲಿ ಒಂದು ಸುತ್ತು ತಿರುಗಿಸಿ ಕಿವಿ ಹತ್ರ ಹಿಡಿಯೋರು. "ಹಾಡ್ತದೆ" ಅಂದ್ರೆ ಗೇರ್‌ಬಾಕ್ಸಿಗೆ. "ಗೊಣಗ್ತದೆ" ಅಂದ್ರೆ ಬೀದಿ ಮಕ್ಕಳ ಬೇರಿಂಗ್ ಗಾಡಿಗೆ. ಎರಡೂ ಅಲ್ಲದ ಬೇರಿಂಗು ಅವರ ಲೆಕ್ಕದಲ್ಲಿ ಇರ್ಲಿಲ್ಲ. ಆ ಕಿವಿ ಹೋಯ್ತು ಅಂದ್ರೆ ಶೆಡ್ಡು ಹೋಯ್ತು, ಅಷ್ಟೇ ವ್ಯವಹಾರ.

ನಂದು ಆಗ ಮೀಸೆ ತಿರುವೋ ವಯಸ್ಸು. ಕೆಲಸದಲ್ಲಿ ಗಟ್ಟಿ, ತರ್ಲೇಲಿ ಇನ್ನೂ ಗಟ್ಟಿ. ಮಾವನ ಬೆನ್ನ ಹಿಂದೆ ನಿಂತು ಅವರದೇ ದನೀಲಿ "ಲೇ, ಹದಿನಾಲ್ಕರ ಸ್ಪ್ಯಾನರ್ ಕೊಡೋ, ಕತ್ತೆ" ಅಂತ ಅಣಕಿಸ್ತಿದ್ದೆ. ಅವರು ತಿರುಗಿ ಕೂಡ ನೋಡ್ತಿರ್ಲಿಲ್ಲ. ಏನು ಗಾಂಭೀರ್ಯ ಅಂದ್ಕೋತಿದ್ದೆ. ಊಟಕ್ಕೆ ಕರೆಯೋಕೆ ಅತ್ತೆ ಒಳಗಿಂದ ಕೂಗ್ತಿರ್ಲಿಲ್ಲ, ಎದುರಿಗೆ ಬಂದು ನಿಲ್ಲೋರು. ಏನು ಮರ್ಯಾದೆ ಅಂದ್ಕೋತಿದ್ದೆ. ಮಾತಾಡೋವಾಗ ಮಾವ ನಮ್ಮ ಬಾಯನ್ನೇ ನೋಡೋರು. ಮಗ್ಗದ ಸದ್ದಲ್ಲಿ ತುಟಿ ನೋಡಿ ಮಾತಾಡಿದ ಮಿಲ್ಲಿನ ಅಭ್ಯಾಸ, ಬಿಡಿ ಅಂದ್ಕೋತಿದ್ದೆ.

ಇನ್ನೊಂದು. ಕಟ್ಟಿದ ಗೇರ್‌ಬಾಕ್ಸನ್ನ ಬೆಂಚಿಗೆ ಬಿಗಿದು, ಮೋಟರಿಂದ ಬೆಲ್ಟ್ ಹಾಕಿ ತಿರುಗಿಸಿ, ಉದ್ದದ ಸ್ಕ್ರೂಡ್ರೈವರ್ ತುದೀನ ಬೇರಿಂಗ್ ಇರೋ ಜಾಗಕ್ಕೆ ಒತ್ತಿ, ಮರದ ಹಿಡಿ ಕಿವಿಗಿಟ್ಟು ಕೇಳೋದು ಎಲ್ಲ ಮೇಸ್ತ್ರಿಗಳ ಪದ್ಧತಿ. ಮಾವ ಕೆಲವು ವರ್ಷದಿಂದ ಆ ಹಿಡೀನ ಹಲ್ಲಲ್ಲಿ ಕಚ್ಚಿಕೊಳ್ಳೋಕೆ ಶುರು ಮಾಡಿದ್ರು.

"ಏನ್ ಮಾವ, ಸಂಕ್ರಾಂತಿ ಇನ್ನೂ ದೂರ ಇದೆ, ಈಗಲೇ ಕಬ್ಬು ಜಗೀತಿದೀರಾ?" ಅಂತ ಕೇಳಿದ್ದೆ.

"ನಿನಗೆ ಹಲ್ಲಿರೋದು ಕಿಸಿಯೋಕೆ. ನನಗೆ ಕೆಲಸಕ್ಕೆ" ಅಂದಿದ್ರು. ನಾನು ಎದುರಿಗೆ ನಿಂತು ಕೇಳಿದ್ದೆ, ಅದಕ್ಕೆ ಉತ್ತರ ಬಂತು. ಅದೂ ಹೊಳೀಲಿಲ್ಲ ನನಗೆ.

ಅಂಥ ಕಾಲದಲ್ಲಿ ಲಾಯರ್ ಸಾಹೇಬ್ರು ಬಂದ್ರು. ದಾವಣಗೆರೆ ಕಡೆಯೋರು, ಹಣೆ ತುಂಬ ವಿಭೂತಿ, ಕೂತಿದ್ದು ಎರಡೇ ಸೀಟಿನ ಕೆಂಪು ಕಾರಲ್ಲಿ. ಆ ಕಾಂಬಿನೇಷನ್ ನೋಡೋಕೇ ಬೀದಿ ಸೇರಿತ್ತು. ಕಾಫಿ ತೋಟದ ದೊರೆಯೊಬ್ಬ ಬಿಟ್ಟು ಹೋದ ಕಾರಂತೆ. ಗೇರ್‌ಬಾಕ್ಸು ಹೊಟ್ಟೆನೋವು ಬಂದ ಎಮ್ಮೆ ಥರ ನರಳ್ತಿತ್ತು.

"ಮೇಸ್ತ್ರಿ, ಇದನ್ನ ನಿಮ್ಮ ಹೊರತು ಯಾರೂ ಮುಟ್ಟೂದು ಬ್ಯಾಡ ನೋಡ್ರಿ" ಅಂದ್ರು. ಹತ್ತು ಜನಕ್ಕೆ ಬೇಕಾದ ಮನುಷ್ಯ, ಹಳೇ ಕಾರು ಇಟ್ಕೊಂಡ ದೊಡ್ಡೋರೆಲ್ಲ ಅವರ ಸ್ನೇಹಿತರು. ಇವರು ಮೆಚ್ಚಿದ್ರೆ ಶೆಡ್ಡಿಗೆ ವರ್ಷಗಟ್ಟಲೆ ಕೆಲಸ.

ಬಿಚ್ಚಿದ್ವಿ. ಒಳಗಿನ ದೊಡ್ಡ ಬೇರಿಂಗಿನ ಗೋಲಿಗಳ ಮೇಲೆ ಸಿಡುಬಿನ ಕಲೆ. ಇಂಚಿನ ಅಳತೆ ಬೇರಿಂಗು, ನಮ್ಮ ದೇಶದ ಯಾವ ಕಾರಿಗೂ ಬರೋದಲ್ಲ. ಫಾರಿನ್ನಿಂದ ತರಿಸೋಣ ಅಂದ್ರೆ ಲೈಸೆನ್ಸು, ಪರ್ಮಿಟ್ಟು, ಮೊಮ್ಮಕ್ಕಳ ಕಾಲಕ್ಕೆ ಬರೋದು. ಜೆ.ಸಿ. ರೋಡಲ್ಲಿ ಸ್ಪೇರ್ ಪಾರ್ಟ್ಸ್ ಮಾರೋ ಅಂಗಡಿ ಅಂಗಡಿ ಸುತ್ತಿದೆ. ಒಬ್ಬ ಸಾಬ್ರು ಬೇರಿಂಗನ್ನ ತಿರುಗಿಸಿ ನೋಡಿ, "ಇದಕ್ಕೆ ಹೂವು ಹಾಕಿ ಪೂಜೆ ಮಾಡು ರಾಜಾ" ಅಂದ್ರು.

ಆಗ ಈ ತಲೆ ಓಡ್ತು ನೋಡಿ. ಈ ತಲೇನೇ. ಕಾರು ಇಂಗ್ಲೆಂಡಿಂದು. ಮಿಲ್ಲಿನ ಮಿಷಿನ್ನೂ ಇಂಗ್ಲೆಂಡಿಂದೇ. ಆ ಜನ ಬಟ್ಟೆಗೊಂದು ಇಂಚು, ಕಾರಿಗೊಂದು ಇಂಚು ಇಟ್ಕೊಂಡಿರ್ತಾರಾ? ಬಿನ್ನಿಪೇಟೆ ಗುಜರಿಗೆ ಹೋಗಿ, ಒಡೆದು ಹಾಕಿದ್ದ ಮಿಷಿನ್ ರಾಶೀಲಿ ಅಳತೆ ನೋಡೋ ವರ್ನಿಯರ್ ಹಿಡ್ಕೊಂಡು ಬೆಳಗಿಂದ ಕೂತೆ. ಸಿಕ್ತು. ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ, ಮೂರೂ ಸರಿ. ಕಾರಿಗೆ ಅಂದ್ರೆ ಗುಜರಿಯವನು ತಲೆ ಮೇಲೆ ಕೂರ್ತಾನೆ. ಅದಕ್ಕೆ, "ಅಣ್ಣಾ, ಮಗೂಗೆ ಬೇರಿಂಗ್ ಗಾಡಿ ಮಾಡೋಕೆ" ಅಂದೆ.

"ಇಷ್ಟು ದೊಡ್ಡದಾ? ನಿನ್ ಮಗು ಏನು, ರೈಲು ಬಿಡತ್ತಾ?"

"ಅಪ್ಪನೇ ಬಿಡ್ತಾನೆ ಅಣ್ಣಾ, ಮಗು ಬಿಡಲ್ವಾ?" ಅಂದೆ. ನನಗೆ ಮದುವೇನೇ ಆಗಿರ್ಲಿಲ್ಲ.

ಮಾವ ಅದನ್ನ ತೊಳೆದು, ತಿರುಗಿಸಿ, ಕಿವಿ ಹತ್ರ ಹಿಡಿದು, ತುಂಬ ಹೊತ್ತು ಕಣ್ಣು ಮುಚ್ಚಿಕೊಂಡಿದ್ರು. ಅವರ ಹರೆಯವೆಲ್ಲ ಕಳೆದಿದ್ದು ಅಂಥ ಮಿಷಿನ್ನುಗಳ ನಡುವೆಯೇ. "ಹಾಡ್ತದೆ" ಅಂದ್ರು. ಬಿಸಿ ಎಣ್ಣೇಲಿ ಬೇರಿಂಗನ್ನ ಕಾಯಿಸಿ ಶಾಫ್ಟ್ ಮೇಲೆ ಬಿಟ್ರೆ, ಬೆರಳಿಗೆ ಉಂಗುರ ಹೋದ ಹಂಗೆ ಹೋಗಿ ಕೂತ್ಕೊಂತು.

ಟೆಸ್ಟ್ ದಿನ ಲಾಯರ್ರೂ ಬಂದು ನಿಂತ್ರು. ನನ್ನ ಕೈ ಸುಮ್ನಿರುತ್ತಾ? ಮೊದಲೇ ಬೆಂಚಿನ ಕೆಳಗೆ, ಗೋಣಿತಾಟಿನ ಮರೇಲಿ, ಒಂದು ತಗಡು, ಕಬ್ಬಿಣ ಉಜ್ಜೋ ಒಂದು ಅರ ಹಿಡ್ಕೊಂಡು ಕೂತೆ. ಮೋಟರ್ ತಿರುಗಿತು. ಮಾವ ಸ್ಕ್ರೂಡ್ರೈವರ್ ಕಚ್ಚಿಕೊಂಡ್ರು. ನಾನು ಅರದಲ್ಲಿ ತಗಡನ್ನ ಕೆರೆದೆ. ಗರ್ರ್, ಗರ್ರ್. ಮಾವ ಬೆಚ್ಚಿಬೀಳ್ತಾರೆ, ಮೋಟರ್ ನಿಲ್ಲಿಸ್ತಾರೆ, ನಾನು ಆಚೆ ಬಂದು ಕುಣೀತೀನಿ, ಒಂದು ಏಟು ತಿಂತೀನಿ. ಲೆಕ್ಕ ಅದು.

ಮಾವ ಹಿಡಿ ಬಾಯಿಂದ ತೆಗೆದು, ನೆಮ್ಮದಿಯಾಗಿ, "ಬೆಣ್ಣೆ ಸಾರ್, ಬೆಣ್ಣೆ. ಒಂಚೂರೂ ಸದ್ದಿಲ್ಲ" ಅಂದ್ರು.

ನಾನು ಇನ್ನೂ ಕೆರೀತಾನೇ ಇದ್ದೆ.

"ಸದ್ದಿಲ್ಲೇನ್ರೀ ಮೇಸ್ತ್ರಿ?" ಲಾಯರ್ರ ದನಿ ಬದಲಾಯ್ತು. "ಶೆಡ್ಡೇ ನಡಗಾಕತ್ತೇತಲ್ರೀ!"

ನನ್ನ ಕೈ ಆಗ ನಿಂತ್ಕೊಂತು. ಹಲ್ಲಿಗೆ ಗೇರ್‌ಬಾಕ್ಸಿನ ಅದುರಾಟ ಮಾತ್ರ ಗೊತ್ತಾಗುತ್ತೆ, ಬೆಂಚಿನ ಕೆಳಗಿನ ತಗಡಿನ ಸದ್ದು ಗೊತ್ತಾಗಲ್ಲ. ಗೇರ್‌ಬಾಕ್ಸು ನಿಜವಾಗ್ಲೂ ಬೆಣ್ಣೆ. ಮಾವ ಹೇಳಿದ್ದು ಸರಿ. ಅತ್ತೆ ಎದುರಿಗೆ ಬಂದು ನಿಲ್ಲೋದು ಯಾಕೆ, ನನ್ನ ಅಣಕಕ್ಕೆ ತಿರುಗಿ ನೋಡದೇ ಇದ್ದಿದ್ದು ಯಾಕೆ, ಬೇರಿಂಗನ್ನ ಕಿವಿ ಹತ್ರ ಹಿಡಿದ್ರೂ ಬೆರಳಿನ ಅದುರಾಟದಲ್ಲೇ ತಿಳ್ಕೋತಿದ್ದಿದ್ದು ಯಾಕೆ, ಎಲ್ಲಾ ಒಂದೇ ಸಲ ತಲೆಗೆ ಹತ್ತಿ ಕೂತ್ಕೊಂತು. ಅಡಗಿ ಕೂತ್ರೆ ಗೇರ್‌ಬಾಕ್ಸ್ ಕೆಟ್ಟಿದೆ ಅಂತಾಗುತ್ತೆ. ಆಚೆ ಬಂದ್ರೆ ಕಿವಿ ಕೆಟ್ಟಿದೆ ಅಂತಾಗುತ್ತೆ. ಲಾಯರ್ರು ಆಗಲೇ ಗೇರ್‌ಬಾಕ್ಸ್ ಬೇರೆ ಕಡೆ ಒಯ್ಯೋ ಮಾತು ತೆಗೆದಿದ್ರು. ತಗಡು ಹಿಡ್ಕೊಂಡು ಆಚೆ ಬಂದೆ.

ಮಾವ ನನ್ನ ಕೈಯನ್ನ ನೋಡಿ ಜೋರಾಗಿ ನಕ್ಕುಬಿಟ್ರು. "ಕೇಳಿಸ್ತು ಕಣೋ ಕಳ್ಳ! ಎಷ್ಟೊತ್ತು ಕೆರೀತೀಯೋ ನೋಡೋಣ ಅಂತ ಸುಮ್ನಿದ್ದೆ!" ಅಂದ್ರು.

ಕಾರು ಕೆಂಗೇರಿಗೆ ಹೋಗಿ ಬಂತು, ಆಮೇಲೆ ದಾವಣಗೆರೆಗೂ ಹೋಗಿ ಬಂತು. ಸದ್ದು ಅನ್ನೋದೇ ಇಲ್ಲ. ಲಾಯರ್ರು ಕೆಟ್ಟೋರಲ್ಲ. ಎಲ್ಲರ ಹತ್ರ ಮಾವನ ಕೆಲಸ ಹೊಗಳಿದ್ರಂತೆ, ಕೊನೇಲಿ "ಪಾಪ" ಅಂತ ಒಂದು ಸೇರಿಸ್ತಿದ್ರಂತೆ. ಆ ಪಾಪ ಸಾಕಾಯ್ತು. ಬಂದೋರೆಲ್ಲ ಮಾವನ ಮುಖದ ಹತ್ರ ಬಗ್ಗಿ ಕೂಗಿ ಮಾತಾಡೋಕೆ ಶುರು ಮಾಡಿದ್ರು. ಒಬ್ಬ ಡ್ರೈವರ್ ಬಂದು, ಬಿಚ್ಚಿಟ್ಟಿದ್ದ ಆಕ್ಸಲ್ಲನ್ನ ಹಂಗೇ ಗೋಣಿಚೀಲಕ್ಕೆ ತುಂಬಿಕೊಂಡು ಹೋದ. ಆಮೇಲೆ ಕೂಗೋರೂ ಬರ್ಲಿಲ್ಲ. ಪೆಟ್ರೋಲ್ ದುಬಾರಿ ಆಯ್ತು, ದೊಡ್ಡ ಕಾರು ಯಾರು ಓಡಿಸ್ತಾರೆ ಅಂತ ಅತ್ತೆಗೆ ನಾನೇ ಹೇಳ್ತಿದ್ದೆ. ಮಾವ ವಿಜಯನಗರದ ಹಿಟ್ಟಿನ ಗಿರಣಿಗಳಲ್ಲಿ ಬೆಲ್ಟು, ಪುಲ್ಲಿ ರಿಪೇರಿಗೆ ಹೋಗೋಕೆ ಶುರು ಮಾಡಿದ್ರು. ಅಲ್ಲಿ ಯಾರಿಗೂ ಏನೂ ಕೇಳ್ಸಲ್ಲ, ಎಲ್ಲರೂ ಸಮ. ಸಾಯಂಕಾಲ ಮೈ ತುಂಬ ಹಿಟ್ಟು ಮೆತ್ಕೊಂಡು ಬರೋರು. ನಾನು ಬಟ್ಟೆ ತಗೊಂಡು ಅವರ ಬೆನ್ನಿನ ಹಿಟ್ಟು ಕೊಡವ್ತಿದ್ದೆ.

ಸರಿ, ಸುಳ್ಳು ಯಾವುದು ಹೇಳಿ? ಬೇರಿಂಗ್ ಅಂದ್ರಾ? ಸೋತ್ರಿ. ಬೇರಿಂಗ್ ನಿಜ, ತಗಡು ನಿಜ, ಗುಜರಿಯವನ ರೈಲೂ ನಿಜ. ಮಾವ ನಕ್ಕಿದ್ದು, "ಕೇಳಿಸ್ತು ಕಣೋ" ಅಂದಿದ್ದು, ಅದು ನಾನು ಕಟ್ಟಿದ್ದು. ಮಾವ ನನ್ನ ಕೈಲಿದ್ದ ತಗಡು ನೋಡಿದ್ರು, ಅರ ನೋಡಿದ್ರು, ಲಾಯರ್ರ ಮುಖ ನೋಡಿದ್ರು. ಆಮೇಲೆ ಸ್ಕ್ರೂಡ್ರೈವರ್ ಹಿಡೀನ ಚಡ್ಡಿಗೆ ಒರೆಸಿ, ಗೋಡೆ ಗೂಡಲ್ಲಿ ಇಟ್ಟು, ಮೋಟರ್ ನಿಲ್ಲಿಸಿದ್ರು.