ಆಷಾಢಕ್ಕೆ ತವರಿಗೆ ಹೋದ ಜೇನು

ಪೆದ್ದಹರಿವಾಣಂನ ನಮ್ಮ ಹೊಲಕ್ಕೆ ನಾನು ಜೇನುಪೆಟ್ಟಿಗೆ ತಂದ ದಿನ ನನ್ನ ಅತ್ತೆ ಅದರ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ, ಎಮ್ಮೆ ಕಟ್ಟು ಎಂದರೆ ಸೊಸೆ ನೊಣ ತಂದು ಕಟ್ಟಿದಳು ಎಂದು ಓಣಿಗೆಲ್ಲ ಹೇಳಿ ಬಂದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೇ ಗೊತ್ತು. ಆದರೂ ಆ ದಿನ ತುಟಿ ಬಿಚ್ಚಲಿಲ್ಲ. ನಾಲ್ಕು ದಿನ ಬಸ್ಸಿನಲ್ಲಿ ನಿಂತುಕೊಂಡೇ ಆದವಾನಿಗೆ ಹೋಗಿ ಬಂದು, ಜೇನು ಸಾಕುವ ತರಬೇತಿ ಮುಗಿಸಿ ಪಡೆದ ಪೆಟ್ಟಿಗೆ ಅದು. ಮೊದಲ ದಿನವೇ ಜಗಳ ಬೇಡ ಎನಿಸಿತ್ತು.

ಪೆಟ್ಟಿಗೆ ಬಂದ ಮೇಲೆ ನನಗೆ ಹೂವಿನ ಲೆಕ್ಕ ಶುರುವಾಯಿತು. ಬಾವಿಯ ಹತ್ತಿರದ ಬೇವು ಯುಗಾದಿಗೆ ಹೂ ಬಿಟ್ಟಾಗ ಹುಳಗಳಿಗೂ ಓಣಿಯ ಹೆಂಗಸರಿಗೂ ಒಂದೇ ದಿನ ಅದೇ ಕೊಂಬೆ ಬೇಕಾಯಿತು. ಹಬ್ಬದ ಬೇವು-ಬೆಲ್ಲದ ಪಚ್ಚಡಿಗೆ ಒಂದು ಹಿಡಿ ಸಾಕು, ಗೊಂಚಲು ಗೊಂಚಲು ಮುರಿಯಬೇಡಿ ಎಂದು ನಾನು ಮರದ ಬುಡದಲ್ಲಿ ಕಾವಲು ನಿಂತೆ. ಆಮೇಲೆ ಬದುವಿನ ಹೊಂಗೆ ಹೂ ಬಿಟ್ಟಿತು. ಬೆಳಿಗ್ಗೆ ಅದರ ಕೆಳಗೆ ನಿಂತರೆ ಮರವೇ ಗುಂಯ್ ಎನ್ನುತ್ತಿತ್ತು, ಉದುರಿದ ಹೂವಿನಲ್ಲಿ ಪಾದ ಮುಚ್ಚುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಹುಣಸೆ. ಹುಣಸೆಹಣ್ಣು ಹಾಕದ ಸಾರು ನಮ್ಮ ಮನೆಯಲ್ಲಿ ಇಲ್ಲ. ಆದರೆ ಕೆಂಪು ಗೆರೆಯ ಹಳದಿ ಹೂ ಅದಕ್ಕಿದೆ ಎಂದು ನಾನು ನಲವತ್ತು ವರ್ಷ ಕಣ್ಣೆತ್ತಿ ನೋಡಿರಲೇ ಇಲ್ಲ. ಆ ಮೂರು ತಿಂಗಳು ಹೊಲಕ್ಕೆ ಹೋಗುವುದೆಂದರೆ ನನಗೆ ಹಬ್ಬವಾಗಿತ್ತು.

ಆಷಾಢ ಬಂತು ನೋಡಿ, ಎಲ್ಲವೂ ಒಟ್ಟಿಗೆ ನಿಂತಿತು. ಮರಗಳಲ್ಲಿ ಹೂ ಮುಗಿದಿತ್ತು, ಹತ್ತಿ ಇನ್ನೂ ಎರಡೆಲೆಯ ಸಸಿ. ಹತ್ತಿ ಹೂ ಬಿಡುವವರೆಗೆ ಹುಳ ಹಸಿದುಕೊಂಡಿರಬಾರದು, ಹಸಿದರೆ ಸಾಯುತ್ತವೆ, ಇಲ್ಲವೇ ಗೂಡು ಬಿಟ್ಟು ಹೋಗುತ್ತವೆ ಎಂದು ತರಬೇತಿಯಲ್ಲಿ ಹೇಳಿದ್ದರು. ಹಾಗಾಗಿ ಸಕ್ಕರೆ ಕರಗಿಸಿದ ನೀರನ್ನು ತಟ್ಟೆಗೆ ಹಾಕಿ, ಹುಳ ಮುಳುಗದಂತೆ ಹುಲ್ಲುಕಡ್ಡಿ ತೇಲಿಬಿಟ್ಟು ಪೆಟ್ಟಿಗೆಯೊಳಗೆ ಇಡುತ್ತಿದ್ದೆ. ನೊಣಕ್ಕೆ ಸಕ್ಕರೆ ಕುಡಿಸುವ ಮನೆತನ ಏಳು ತಲೆಮಾರಿನಲ್ಲಿ ಇದೊಂದೇ ಎಂದು ಅತ್ತೆ ನಕ್ಕರು. ನಾನು ಅಂಗನವಾಡಿ ಟೀಚರ್, ಹೊತ್ತೇರುವ ಮೊದಲೇ ಮನೆ ಬಿಡಬೇಕು. ಹೊಲಕ್ಕೆ ಹೇಗೂ ಹೋಗುತ್ತೀರಲ್ಲ, ತಟ್ಟೆ ಖಾಲಿಯಾದರೆ ತುಂಬಿಸಿ ಎಂದು ಅವರಿಗೇ ಹೇಳಿದೆ.

ಹತ್ತು ದಿನಕ್ಕೆ ಹುಳಗಳು ಪೆಟ್ಟಿಗೆಯ ಮುಂದೆ ನೆಲದಲ್ಲಿ ತೆವಳತೊಡಗಿದವು. ಬಾಗಿಲ ಸುತ್ತ ಕಂದು ಬಣ್ಣದ ಕಲೆಗಳು. ನನಗೆ ತಲೆ ಕೆಟ್ಟಿತು. ಪಕ್ಕದ ಹೊಲದವನು ಔಷಧ ಹೊಡೆದಿದ್ದಾನೆ ಎಂದುಕೊಂಡು ಅವನ ಮನೆಯ ಮುಂದೆ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. ಪಾಪ, ಅವನು ಊಟದ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಕೇಳಿಸಿಕೊಂಡ. ಎರಡೆಲೆ ಹತ್ತಿಗೆ ಯಾರಾದರೂ ಔಷಧ ಹೊಡೆಯುತ್ತಾರೇನಕ್ಕಾ ಎಂದು ಕೇಳಿ ಮತ್ತೆ ರೊಟ್ಟಿ ಮುರಿದ. ನಾನು ಬಂದ ದಾರಿಯಲ್ಲೇ ವಾಪಸಾದೆ.

ಹೊಲಕ್ಕೆ ಹೋಗಿ ಪೆಟ್ಟಿಗೆ ಬಿಚ್ಚಿದೆ. ತಟ್ಟೆಯಲ್ಲಿದ್ದ ನೀರು ಚಹಾದ ಬಣ್ಣಕ್ಕಿತ್ತು. ಬೆರಳು ಅದ್ದಿ ನಾಲಿಗೆಗಿಟ್ಟರೆ ಬೆಲ್ಲ. ಬೆಲ್ಲದ ನೀರು ಜೇನಿಗೆ ಆಗುವುದಿಲ್ಲ, ಭೇದಿ ಹತ್ತುತ್ತದೆ ಎಂದು ತರಬೇತಿಯಲ್ಲಿ ಎರಡು ಸಲ ಹೇಳಿದ್ದರು. ನಾನೇ ಅದನ್ನು ಅತ್ತೆಗೆ ಹೇಳಿರಲಿಲ್ಲ. ಬದುವಿನ ಮೇಲೆ ಕಳೆ ತೆಗೆಯುತ್ತಿದ್ದ ಅವರನ್ನು ಕರೆದು ಕೇಳಿದೆ.

ಅವರು ಮುಚ್ಚಿಡಲಿಲ್ಲ. "ಹೌದು, ನಾನಽ ಹಾಕೀನಿ. ತಿರುಗಿ ಸಾಕಾಗಿ ಬಂದವರಿಗೆ ಬೆಲ್ಲ ನೀರು ಕೊಡೋದು ನಮ್ಮ ಪದ್ಧತಿ. ಪಾಪಂ, ಹೂ ಇಲ್ಲದ ಹೊಲ ಎಲ್ಲಾ ತಿರುಗಿ ಬರತಾವ. ಅಂಥವಕ್ಕ ಬರೇ ಸಕ್ಕರಿ ನೀರು ಹೆಂಗ ಇಡಲಿ?"

ನಕ್ಕು, ತಿಳಿಸಿ ಹೇಳಬೇಕಾದ ಮಾತು ಅದು. ನಾನು ನಗಲಿಲ್ಲ. "ನೀವು ಕೈ ಹಚ್ಚಿದ್ದು ಒಂದರ ಉಳದೈತೇನ್ರಿ? ಸತ್ತರ ನಿಮ್ಮಿಂದಽ ಸತ್ತಾವ" ಎಂದೆ.

ನಾಲಿಗೆಗೆ ಎಲುಬಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಅತ್ತೆ ಎರಡು ಮಕ್ಕಳನ್ನು ತೊಟ್ಟಿಲಲ್ಲೇ ಕಳೆದುಕೊಂಡವರು. ಅದು ನನಗೆ ನೆನಪಾದದ್ದು ಮಾತು ಹೊರಬಿದ್ದ ಮೇಲೆ. ಅವರು ಕುಡುಗೋಲು ಎತ್ತಿಕೊಂಡು ಮನೆಗೆ ನಡೆದರು. ಮೂರು ದಿನ ನನ್ನ ಜೊತೆ ಮಾತಿಲ್ಲ, ಹೊಲದ ಕಡೆ ಹೋಗಲಿಲ್ಲ, ಓಣಿಯಲ್ಲಿ ನನ್ನ ಮೇಲೆ ಒಂದು ಚಾಡಿಯನ್ನೂ ಹೇಳಲಿಲ್ಲ. ನನಗೆ ಅನ್ನ ಸೇರಲಿಲ್ಲ. ತಟ್ಟೆ ತೊಳೆದು ಸಕ್ಕರೆ ನೀರು ಇಟ್ಟೆ, ಆದರೆ ಹುಳಗಳು ದಿನಕ್ಕೆ ಒಂದಷ್ಟು ಸಾಯುತ್ತಲೇ ಇದ್ದವು. ತಪ್ಪಾಯಿತು ಎನ್ನಲು ನಾಲ್ಕು ಸಲ ಅಡುಗೆಮನೆಗೆ ಹೋಗಿ ನಾಲ್ಕು ಸಲವೂ ನೀರು ಕುಡಿದು ಬಂದೆ.

ನಾಲ್ಕನೆಯ ದಿನ ಅತ್ತೆಯೇ ಬಂದು ಫೋನನ್ನು ನನ್ನ ಮುಂದೆ ಇಟ್ಟರು. ಆಲೂರಿನ ಹತ್ತಿರದ ಹಳ್ಳಿಯಲ್ಲಿರುವ ತಮ್ಮನ ಜೊತೆ ಮಾತಾಡಿ ಮುಗಿಸಿದ್ದರು. ಅಲ್ಲಿಯದು ಕೆಂಪು ಮಣ್ಣು, ರೋಹಿಣಿ ಮಳೆಗೇ ಎಳ್ಳು ಬಿತ್ತುತ್ತಾರೆ.

"ಆಷಾಢದಾಗ ಹೊಸ ಸೊಸಿನ ತವರಿಗೆ ಕಳಸೂದಿಲ್ಲೇನು? ಇವನ್ನೂ ನನ್ನ ತವರಿಗೆ ಕಳಸು. ಅಲ್ಲಿ ಎಳ್ಳು ಹೂವಾಗೈತಂತ" ಎಂದರು.

ಅವತ್ತು ಸಂಜೆ ಹುಳಗಳೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ತೆಳ್ಳನೆಯ ಬಟ್ಟೆ ಬಿಗಿದೆವು. ಬೆಳಗಾಗುವ ಹೊತ್ತಿಗೆ ಆಟೋ ಬಂತು. ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅತ್ತೆ ತೊಡೆಯ ಮೇಲೇ ಇಟ್ಟುಕೊಂಡರು, ನನ್ನ ಕೈಗೆ ಕೊಡಲಿಲ್ಲ. ಹಿಂದೆ ಏನದು ಬುಸುಗುಟ್ಟುವುದು ಎಂದು ಡ್ರೈವರ್ ಹೆದರಿ ಕೇಳಿದ. ನಮ್ಮ ಸೊಸೆ, ಆಕೆ ಯಾವಾಗಲೂ ಹೀಗೇ, ನೀನು ಮುಂದೆ ನೋಡಿ ಹೊಡಿ ಎಂದರು ಅತ್ತೆ. ನನಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು.

ಅತ್ತೆಯ ತಮ್ಮನ ಹೊಲದಲ್ಲಿ ಎಳ್ಳು ಸೊಂಟದೆತ್ತರಕ್ಕೆ ನಿಂತಿತ್ತು, ಗಿಡದ ತುಂಬ ಬಿಳಿ ಹೂ. ಬದುವಿನ ನೆರಳಲ್ಲಿ ಪೆಟ್ಟಿಗೆ ಇಟ್ಟು ಬಾಗಿಲು ಬಿಚ್ಚಿದೆವು. ಉಳಿದಿದ್ದ ಹುಳಗಳಲ್ಲಿ ನಾಲ್ಕಾರು ಹೊರಬಂದು ಪೆಟ್ಟಿಗೆಯ ಮುಂದೆಯೇ ಸುತ್ತಾಡಿದವು. ಉಳಿಯುತ್ತವೆ ಎಂಬ ಧೈರ್ಯ ನನಗಿರಲಿಲ್ಲ. ಅತ್ತೆ ನೋಡಿಕೊಳ್ಳಲು ಅಲ್ಲೇ ಉಳಿದರು, ನಾನು ಅಂಗನವಾಡಿಗೆ ವಾಪಸಾದೆ. ದಿನಾ ಫೋನ್ ಮಾಡಿದರೆ, ಹೋಗುತ್ತವೆ, ಬರುತ್ತವೆ ಎಂದಷ್ಟೇ ಹೇಳಿ ಇಡುತ್ತಿದ್ದರು.

ಇಪ್ಪತ್ತು ದಿನದ ಮೇಲೆ ಹೋದೆ. ಬಾಗಿಲ ಸುತ್ತ ಕಲೆ ಇರಲಿಲ್ಲ. ಒಳಗಿನ ಚೌಕಟ್ಟು ಎತ್ತಿದರೆ ಕೈಗೆ ಭಾರ ಗೊತ್ತಾಯಿತು. ಗೂಡಿನ ಕಣ್ಣುಗಳಲ್ಲಿ ಬಿಳಿ ಮರಿಗಳು ಸುರುಳಿಯಾಗಿ ಮಲಗಿದ್ದವು, ಮೇಲೆ ಆಗಷ್ಟೇ ಹುಟ್ಟಿದ ಹುಳಗಳು ಓಡಾಡುತ್ತಿದ್ದವು. ಅತ್ತೆ ದೂರದಲ್ಲೇ ನಿಂತಿದ್ದರು, ಹತ್ತಿರ ಬರಲಿಲ್ಲ.

"ಬದುಕ್ಯಾವೇನು?" ಎಂದು ಕೇಳಿದರು.

ಚೌಕಟ್ಟು ಹಿಡಿದುಕೊಂಡೇ ಅವರ ಹತ್ತಿರ ಹೋಗಿ ತೋರಿಸಿದೆ. ಅವರು ಕನ್ನಡಕ ಏರಿಸಿ ಒಂದೊಂದು ಮರಿಯನ್ನೂ ನೋಡಿದರು. ಬಹಳ ಹೊತ್ತು ನೋಡಿದರು.

"ತಪ್ಪಾತ್ರಿ ಅತ್ತಿ. ನಾ ಹಂಗ ಅನಬಾರದಿತ್ತು" ಎಂದೆ.

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಮೊದಲು ಅದನ್ನು, ಆಮೇಲೆ ಕಣ್ಣನ್ನು ಒರೆಸಿಕೊಂಡರು.

"ಇನ್ನೊಂದು ಪೆಟ್ಟಿಗಿ ತರಸು" ಎಂದರು. "ಅದು ನಂದು. ಅದಕ್ಕ ನೀ ಕೈ ಹಚ್ಚಬ್ಯಾಡ."