ಆ ತೆಪ್ಪದಲ್ಲಿ ಇದ್ದವಳು ನಾನು

ನೀರಿನೊಳಗೆ ಬಿಗಿದು ನಿಂತ ನೈಲಾನ್ ಬಲೆಯನ್ನು ಕೊಯ್ದರೆ ಸದ್ದಾಗುವುದಿಲ್ಲ. ಕೈಗೆ ಮಾತ್ರ ತಿಳಿಯುತ್ತದೆ — ಅಷ್ಟು ಹೊತ್ತು ಎಳೆಯುತ್ತಿದ್ದುದು ಒಮ್ಮೆಲೇ ಸಡಿಲಾಗುತ್ತದೆ. ದುರುಗಪ್ಪ ತಾತನ ಬಲೆ ಹಾಗೆ ಸಡಿಲಾದದ್ದು ನನ್ನ ಕೈಯಲ್ಲಿ. ಕೊಯ್ದವಳು ನಾನು. ಊರು ಹೇಳುತ್ತ ಬಂದದ್ದು ಹುಲಿಗೆಮ್ಮತ್ತಿಯ ಹೆಸರು.

ನಮ್ಮದು ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿನ ಊರು. ಬೇಸಿಗೆಯಲ್ಲಿ ಹೊಳೆ ಬಂಡೆಗಳ ನಡುವೆ ಹರಿದು ಹಂಚಿಹೋಗಿ, ಊರ ಮುಂದಿನ ಮಡುವಿನಲ್ಲಷ್ಟೇ ಆಳದ ನೀರು ಉಳಿಯುತ್ತದೆ. ಮೀನೂ ಅಲ್ಲಿಗೇ, ಎಲ್ಲರ ತೆಪ್ಪಗಳೂ ಅಲ್ಲಿಗೇ. ಅಷ್ಟು ಜನ ಅಷ್ಟೇ ನೀರಿನಲ್ಲಿ ಹೊಂದಿಕೊಂಡು ಇರುವುದು ರೂಢಿಯ ಬಲದಿಂದ. ಒಬ್ಬರ ಬಲೆಯ ಮೇಲೆ ಇನ್ನೊಬ್ಬರು ತೆಪ್ಪ ಹಾಯಿಸುವಂತಿಲ್ಲ. ಬಲೆಯ ಗುರುತಿಗೆ ಕಟ್ಟಿದ, ತೇಲುವ ಬಾಟಲಿಗಳ ಸಾಲನ್ನು ಸುತ್ತಿಕೊಂಡೇ ಹೋಗಬೇಕು. ಹತ್ತಿರ ಬಂದಾಗ ಕೂಗಿ ಹೆಸರು ಹೇಳಬೇಕು. ಕೈತಪ್ಪಿ ಬಲೆ ಹರಿದರೆ ತಾನೇ ಹೋಗಿ ಹೇಳಬೇಕು, ಕೂತು ಹೆಣೆದು ಕೊಡಬೇಕು. ಮುಚ್ಚಿಟ್ಟವರ ಇಡೀ ಮನೆಗೇ ಮಡುವಿನಲ್ಲಿ ಜಾಗವಿಲ್ಲ — ಕೆಳಗೆ, ಮೊಸಳೆಗಳು ಬಿಸಿಲಿಗೆ ಮಲಗುವ ಬಂಡೆಯ ಪಕ್ಕದ ತೆಳು ನೀರಿಗೆ ಹೋಗಬೇಕು.

ನಾನು ಎಂ.ಎಸ್ಸಿ. ಮುಗಿಸಿ ಊರಿಗೆ ಬಂದ ಬೇಸಿಗೆ ಅದು. ಬಂಡೆಯ ಮೇಲೆ ಜಾರಿ ಅಪ್ಪನ ಕೈ ಮುರಿದಿತ್ತು. ಬಲೆ ಎತ್ತುವ ಕೆಲಸ ನನಗೆ ಬಂತು. ನಮ್ಮ ತೆಪ್ಪಕ್ಕೆ ಹೊಸದಾಗಿ ಡಾಂಬರು ಬಳಿದು ದಂಡೆಯಲ್ಲಿ ಕವುಚಿ ಹಾಕಿದ್ದರಿಂದ, ಪಕ್ಕದ ಮನೆಯ ಹುಲಿಗೆಮ್ಮತ್ತಿ ತನ್ನದನ್ನು ಕೊಟ್ಟಳು — ಬೆಳಗಿನ ಕತ್ತಲಲ್ಲಿ ಅದರಲ್ಲೇ ಒಂದು ಸುತ್ತು ನಾನು, ಒಂದು ಸುತ್ತು ಅವಳು. ಗಂಡ ಹೋದಮೇಲೆ ತಾನೇ ಹುಟ್ಟು ಹಿಡಿದವಳು ಅವಳು. ಹೆಂಗಸಿಗೆ ಮಡುವಿನಲ್ಲಿ ಜಾಗ ಯಾಕೆ ಎಂದವರ ಎದುರು ವರ್ಷಗಟ್ಟಲೆ ನಿಂತು ಜಾಗ ಪಡೆದಿದ್ದಳು.

ಸೂರ್ಯ ಹುಟ್ಟುವ ಮೊದಲು ಹೊರಟೆ. ದುರುಗಪ್ಪ ತಾತನ ಬಾಟಲಿಗಳ ಸಾಲು ಅಡ್ಡವಿತ್ತು. ಸುತ್ತಿ ಹೋಗಬಹುದಿತ್ತು — ಹೋಗಲಿಲ್ಲ. ಕೂಗಬೇಕಿತ್ತು — ಕೂಗಲಿಲ್ಲ. ಅಷ್ಟು ಜನರಿಗೆ ಕೇಳುವಂತೆ ನನ್ನ ಹೆಸರನ್ನು ನಾನೇ ಕೂಗುವುದು ನನಗೆ ಒಗ್ಗದ ಕೆಲಸವಾಗಿತ್ತು. ನಟ್ಟನಡುವೆ ಹುಟ್ಟು ಬಲೆಗೆ ಸುತ್ತಿಕೊಂಡಿತು. ಬಿಡಿಸುವ ತಾಳ್ಮೆ ಇಲ್ಲದೆ ಚಾಕು ತೆಗೆದೆ.

ಅಷ್ಟರಲ್ಲಿ ದಂಡೆಯಿಂದ ತಾತ ಕೇಳಿದ. ಅವನ ಕಣ್ಣಿಗೆ ಪೊರೆ ಬಂದು ದೂರದ್ದು ಕಾಣುತ್ತಿರಲಿಲ್ಲ.

"ಯಾರ ತೆಪ್ಪ ಅದು?"

"ಹುಲಿಗೆಮ್ಮಂದು," ಅಂದೆ.

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ — ಅದನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ. ಕೇಳಿದಷ್ಟಕ್ಕೆ ಸರಿಯಾಗಿ ಉತ್ತರಿಸಿ, ತೆಪ್ಪದಲ್ಲಿ ಕೂತವಳನ್ನು ಬಚ್ಚಿಟ್ಟೆ.

ಬಿಸಿಲೇರುವ ಹೊತ್ತಿಗೆ ಬಲೆ ಕೊಯ್ದದ್ದು ಕಣ್ಣಿಗೆ ಬಿತ್ತು. ದಂಡೆಯ ಬೇವಿನ ಮರದಡಿ ಜನ ಸೇರಿದರು. ಹರಿದದ್ದಲ್ಲ, ಚಾಕುವಿನಿಂದ ಕೊಯ್ದದ್ದು ಎಂದು ತಾತ ಎಳೆ ಹಿಡಿದು ತೋರಿಸಿದ. ಬೆಳಿಗ್ಗೆ ಹಾದುಹೋದದ್ದು ಹುಲಿಗೆಮ್ಮನ ತೆಪ್ಪ, ಒಂದು ಹೆಣ್ಣುದನಿಯೇ ಹಾಗೆಂದಿತು ಎಂದ. ಅತ್ತಿ ನನ್ನ ಕಡೆ ಒಮ್ಮೆ ನೋಡಿದಳು. ನಾನು ಅಪ್ಪನ ಕಟ್ಟು ಹಾಕಿದ ಕೈ ನೋಡುತ್ತ ನಿಂತೆ. ಅವಳು ಸೆರಗು ಕೊಡವಿ, "ಆತು, ನಾ ಕೆಳಗ ಬಲಿ ಹಾಕ್ತೀನಿ," ಅಂದಳು. ಅಷ್ಟೇ. ತಾನಲ್ಲ ಎನ್ನಲಿಲ್ಲ; ನಾನೂ ಬಾಯಿ ಬಿಡಲಿಲ್ಲ. ಹೆದರಿದ್ದೆ ಎಂದರೆ ಅದೂ ಒಂದು ನೆಪವೇ.

ಆಮೇಲೆ ರಾಯಚೂರಿನಲ್ಲಿ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಶನಿವಾರ ದೇವದುರ್ಗದ ಬಸ್ಸು ಹತ್ತಿ ಊರಿಗೆ ಬರುತ್ತೇನೆ. ಅಪ್ಪನ ಕೈ ಕೂಡಿತು, ನಮ್ಮ ಜಾಗ ಹಾಗೆಯೇ ಉಳಿಯಿತು. ಪ್ರತಿ ಬೇಸಿಗೆಯಲ್ಲೂ ಅತ್ತಿಯ ತೆಪ್ಪ ಕೆಳಗಿನ ಬಂಡೆಯ ಪಕ್ಕ ಒಂದೇ ಒಂದು ಚುಕ್ಕೆಯಾಗಿ ಕಾಣುತ್ತಿತ್ತು.

ಕಳೆದ ಶನಿವಾರ ಸಂಜೆ ಅವಳ ಅಂಗಳದಲ್ಲಿ ಕೂತು ರೊಟ್ಟಿ, ಮೀನಿನ ಸಾರು ಉಣ್ಣುತ್ತಿದ್ದೆವು. ಕೆಳಗಿನ ನೀರು ಹೇಗಿದೆ ಎಂದು ಸುಮ್ಮನೆ ಕೇಳಿದೆ — ಸುಮ್ಮನೆ ಅಲ್ಲ.

"ಚೊಲೋ ಅದ. ಮೊಸಳಿ ನೆರಿಮನ್ಯಾಕಿ, ಚಾಡಿ ಹೇಳಂಗಿಲ್ಲ," ಅಂದು ನಕ್ಕಳು. ತಟ್ಟೆಗೆ ಇನ್ನೊಂದು ತುಂಡು ಹಾಕುತ್ತ ಸೇರಿಸಿದಳು: "ಊರಾಗ ನಿನ್ನ ದನಿ ಯಾರಿಗರ ಗೊತ್ತದೇನಬೇ? ಅದಕ್ಕ ಅವತ್ತು ಉಳಕೊಂಡಿ."

ಆಗ ಯಾಕೆ ಹೇಳಲಿಲ್ಲ ಎಂದೆ. ನಿಮ್ಮಪ್ಪ ಒಂದೇ ಕೈಯಲ್ಲಿ ಮೊಸಳೆಯ ನೀರಿಗೆ ಹೋಗಲು ಆಗುತ್ತಿತ್ತೇನು ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತೋ ಏನೋ —

ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಬಲೆ ಹೆಣೆಯುತ್ತಿದ್ದ ಅವನ ಕೈ ತಡೆಯಿತು, ಮತ್ತೆ ನಡೆಯಿತು. "ನಾಳಿ ತೆಪ್ಪ ನೀನ ಒಯ್ಯಿ," ಅಂದ. ಆ ರಾತ್ರಿ, ಬಹಳ ದಿನಗಳ ಮೇಲೆ, ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ಮಡುವಿನಲ್ಲಿ ನಮ್ಮ ಬಲೆಯನ್ನು ಪೂರ್ತಿ ಎತ್ತಿ ತೆಪ್ಪದಲ್ಲಿ ಹಾಕಿಕೊಂಡೆ. ದುರುಗಪ್ಪ ತಾತನ ಬಾಟಲಿಗಳ ಸಾಲು ಇನ್ನೂ ದೂರವಿದ್ದಾಗಲೇ ಹುಟ್ಟು ಎತ್ತಿ ಹಿಡಿದು, ಗಂಟಲು ಬಿಟ್ಟು ಕೂಗಿದೆ.

"ನಾನು ಅಮರಪ್ಪನ ಮಗಳು ರೇಣುಕಾರೀ. ಅವತ್ತು ನಿಮ್ಮ ಬಲಿ ಕೊಯ್ದಾಕಿ ನಾನು. ಅತ್ತಿ ಅಲ್ಲ. ಅಕಿ ಜಾಗ ಅಕಿಗೆ ಬಿಡ್ರಿ, ತಾತಾ."

ಮಡುವಿನ ಹುಟ್ಟುಗಳೆಲ್ಲ ನಿಂತವು. ಉತ್ತರಕ್ಕೆ ಕಾಯಲಿಲ್ಲ. ಸಾಲನ್ನು ಸುತ್ತಿಕೊಂಡು, ಕೆಳಗಿನ ಬಂಡೆಯ ಕಡೆಗೆ ತೆಪ್ಪ ತಿರುಗಿಸಿದೆ.