ಮುರಿಗೆವ್ವನ ಆಹೇರು

ಮುರಿಗೆವ್ವನ ದನಿ ಒಡೆಯುವಂತೆ ಮಾಡಿದ ಮೂರ್ಖ ನಾನೇ, ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವ ಬಸಲಿಂಗಯ್ಯ. ಬೇರೆಯವರು ಆಡಿಕೊಳ್ಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ವಿಜಾಪುರದ ಗಾಂಧಿ ಚೌಕದಲ್ಲಿ ಮುರಿಗೆವ್ವನ ಮನೆಯವರದು ಕಾಳಿನ ಅಂಗಡಿ. ಒಂದು ಅನ್ನದೆ 'ಲಾಭ' ಎಂದು ಶುರುಮಾಡಿ ಅವಳು ಜೋಳ ಅಳೆದರೆ ಎದುರಿನ ಓಣಿಗೆ ಕೇಳುತ್ತಿತ್ತು. ದಪ್ಪ, ತುಂಬಿದ ದನಿ. ಅದೇ ದನಿಯಲ್ಲಿ ತಂದೆಯಿಂದ ವಚನ ಕಲಿತಳು. ಬಬಲೇಶ್ವರ, ಜೈನಾಪುರ ಎಂದು ಶ್ರಾವಣದ ಪುರಾಣಗಳಿಗೆ ಗವಾಯಿಯಾಗಿ ಹೊರಟಳು. ಶಾಸ್ತ್ರಿಗಳು ಕಥೆ ಹೇಳಬೇಕು, ನಡುನಡುವೆ ಗವಾಯಿ ಪದ್ಯ ಹಾಡಬೇಕು, ತಿಂಗಳುಪೂರ್ತಿ. ಅಲ್ಲಿಯವರೆಗೆ ಗಂಡಸರೇ ಮಾಡುತ್ತಿದ್ದ ಕೆಲಸ. ತಂದೆ ಇರುವವರೆಗೆ ಅವರೇ ಅವಳಿಗೆ ಪೇಟಿ ಬಾರಿಸಿದರು.

ಅವರು ತೀರಿಕೊಂಡ ಮೇಲೆ, ೧೯೭೪ರ ಶ್ರಾವಣಕ್ಕೆ, ತಿಕೋಟಾದವರು ಅವಳನ್ನು ಕರೆದರು. ಪೇಟಿಗೆ ನಾನು. ಹೆಂಗಸಲ್ಲವೇ ಎಂದು ಮೊದಲ ಸಂಜೆ ರೂಢಿಯಂತೆ ಏರು ಸ್ವರ ಹಿಡಿದೆ. ಇಳಿಸಿ ಎಂದು ಸನ್ನೆ ಮಾಡಿದಳು. ಇಪ್ಪತ್ತು ವರ್ಷದ ಅನುಭವ ನೋಡಿ, ನನಗೆ ಕೋಡು ಮೂಡಿತ್ತು, ಇಳಿಸಲಿಲ್ಲ. ಮೇಲಿನ ಸಾಲಿಗೆ ಹೋದಾಗ ಅವಳ ದನಿ ಒಡೆಯಿತು. ಮಂದಿ ನಕ್ಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಪ್ಪು ನನ್ನದು, ಬೈಗುಳ ಅವಳಿಗೆ. ಹೆಣ್ಣು ಹೆಣ್ಣಿನಂತೆ ಹಾಡಲಿ, ಇಲ್ಲವಾದರೆ ಮುಂದಿನ ವರ್ಷ ಬೇರೆ ಗವಾಯಿ ಎಂದು ಪುರಾಣ ಸಮಿತಿಯ ಹಿರಿಯ ಬಸಗೊಂಡಪ್ಪ ಹೇಳಿಬಿಟ್ಟ.

ಮರುದಿನ ನನ್ನ ಕೈ ಪೇಟಿ ಮುಟ್ಟುವ ಮೊದಲೇ ಅವಳು ಹಾಡು ಎತ್ತಿದಳು, ತನ್ನ ದನಿಗೆ ಒಪ್ಪುವ ಕೆಳಗಿನ ಸ್ವರದಲ್ಲಿ. ಅದನ್ನು ಹುಡುಕುತ್ತ ನಾನು ಬೆವೆತುಹೋದೆ. ವೇದಿಕೆ ಇಳಿದು ಬಂದ ಮೇಲೆ ಇದೇನು ಅವಮಾನ ಎಂದು ರೇಗಿದೆ. ಅವಳಿಗೆ ಒಂದಿಷ್ಟೂ ಅಳುಕಿಲ್ಲ.

"ಪೇಟಿ ನನ್ನ ಹಿಂದ ಬರ್ಲಿ ಅಯ್ಯಾರ. ನಾ ಪೇಟಿ ಹಿಂದ ಹೋಗಾಂಗಿಲ್ಲ."

ತಿಂಗಳಿಡೀ ಹಾಗೇ ಹಾಡಿದಳು. ಬಸಗೊಂಡಪ್ಪನೂ ತಿಂಗಳಿಡೀ ಗೊಣಗಿದ.

ಕೊನೆಯ ದಿನ, ಮಂಗಲಕ್ಕೆ, ಶಾಸ್ತ್ರಿಗಳಿಗೂ ಗವಾಯಿಗೂ ಮಂದಿ ಬಟ್ಟೆಯ ಉಡುಗೊರೆ ಕೊಟ್ಟು ಆಹೇರು ಮಾಡುವ ಪದ್ಧತಿ. ಬಿಜ್ಜರಗಿಯ ಕುರಿಗಾರರ ಮುದುಕಿ ಹೊಳೆವ್ವ ಅವತ್ತೇ ಮೊದಲ ಸಲ ಪುರಾಣ ನಡೆಯುವ ಗುಡಿಗೆ ಬಂದಿದ್ದಳು. ಊರಾಚೆಯ ಹೊಲದಲ್ಲಿ ಕುರಿ ತರುಬಿ ಬೀಡುಬಿಟ್ಟು, ಕಂಬದ ಮೇಲಿನ ಸ್ಪೀಕರಿನಲ್ಲೇ ದಿನಾಲೂ ಹಾಡು ಕೇಳಿದ್ದಳಂತೆ. ಗಂಡಸೆಂದೇ ತಿಳಿದು ಧೋತರ, ತಲೆಗೆ ಸುತ್ತುವ ಪಟಕಾ ತಂದಿದ್ದಳು. ಸೀರೆಯುಟ್ಟ ಗವಾಯಿಯನ್ನು ಕಂಡು ಅಲ್ಲೇ ನಿಂತಳು. ಗುಡಿಯ ತುಂಬ ನಗೆ. ಬಸಗೊಂಡಪ್ಪನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಪಾಪ, ಮುದುಕಿ ಬಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮುರಿಗೆವ್ವ ಎದ್ದುಹೋಗಿ ಅವಳ ಮುಂದೆ ಉಡಿಯೊಡ್ಡಿದಳು.

"ಹಾಡಿದಾಕಿ ನಾನ ಯವ್ವಾ. ಹಾಕು."

ಪಟಕಾ ಬಿಚ್ಚಿ, ತಲೆಯ ಮೇಲಿನ ಸೆರಗಿನ ಮೇಲೆಯೇ ಸುತ್ತಿಕೊಂಡು ಬಂದು ಕುಳಿತಳು. ನನ್ನ ಕಡೆ ನೋಡಿದಳು. ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಅವತ್ತು ಅವಳು ಬಾಯಿ ತೆರೆಯುವ ಮೊದಲೇ ಅವಳ ಸ್ವರ ಹಿಡಿದೆ. ಮಂಗಲದ ಪದ ಮುಗಿಯುವವರೆಗೆ ಒಬ್ಬರೂ ಮಿಸುಕಲಿಲ್ಲ. ಹೊಳೆವ್ವ ಕಣ್ಣು ಮುಚ್ಚಿ ಕುಳಿತಿದ್ದಳು.

ಮುಂದಿನ ವರ್ಷ ಕರೆಯಲು ಬಸಗೊಂಡಪ್ಪನೇ ಅಂಗಡಿಗೆ ಬಂದ. ಸೋತರೂ ಚೇಷ್ಟೆ ಬಿಟ್ಟಿರಲಿಲ್ಲ. ಈ ಸಲ ಆಹೇರಿಗೆ ಸೀರೆ ತರಬೇಕೋ, ಪಟಕಾ ತರಬೇಕೋ ಎಂದು ಕೇಳಿದ.

ಮುರಿಗೆವ್ವ ಜೋಳ ಅಳೆಯುವುದನ್ನು ನಿಲ್ಲಿಸಲಿಲ್ಲ.

"ಎರಡೂ ತರ್ರಿ," ಅಂದಳು.